ಎವರೆಸ್ಟ್ ಇಳಿದ ಮೇಲೆ ಮೂವತ್ಮೂರು ವರ್ಷ

ಜನವರಿ ಕೂಟಕ್ಕೆ ವಿಷಯ ಏನು ಅಂತ ನಾವು ಮೊದಲೇ ತೀರ್ಮಾನ ಮಾಡಿರಲಿಲ್ಲ. ಸಂಕ್ರಾಂತಿ ಕಳೆದ ಶನಿವಾರ ಅದು. ಎಳ್ಳು-ಬೆಲ್ಲ ಹಂಚಿ ಮುಗಿದಿತ್ತು. ವಾಗೆನಿಂಗನ್‌ನ ಜನವರಿ ನಿಮಗೆ ಗೊತ್ತೇ ಇದೆ: ಬೆಳಕು ಬರುವಷ್ಟರಲ್ಲಿ ಕೆಲಸಕ್ಕೆ ಹೋಗಿರುತ್ತೇವೆ, ಕೆಲಸ ಬಿಡುವಷ್ಟರಲ್ಲಿ ಕತ್ತಲಾಗಿರುತ್ತದೆ. ಅವತ್ತು ಮಳೆ ನಿಂತಿದ್ದೇ ಪುಣ್ಯ ಅಂತ ಮಕ್ಕಳು ಮರಿ ಸೇರಿ ಹನ್ನೊಂದು ಜನ ಮಧ್ಯಾಹ್ನ ಮೂರಕ್ಕೇ ವಾಗೆನಿಂಗನ್ ಬೆರ್ಗ್ ಕಡೆ ನಡೆದುಹೋದೆವು.

ಬೆರ್ಗ್ ಅಂದರೆ ಡಚ್ ಭಾಷೆಯಲ್ಲಿ ಬೆಟ್ಟ. ನಮ್ಮ ಚಿತ್ರದುರ್ಗದ ಗೆಳೆಯ ಮೊದಲ ಸಲ ಇಲ್ಲಿಗೆ ಬಂದಾಗ, ಅದರ ನೆತ್ತಿಯ ಮೇಲೇ ನಿಂತುಕೊಂಡು "ಎಲ್ಲಪ್ಪಾ ಬೆಟ್ಟ?" ಅಂತ ಕೇಳಿದ್ದ. ಕೋಟೆಯ ಏಳು ಸುತ್ತು ಹತ್ತಿ ಬೆಳೆದವನಿಗೆ ಇದು ದಿಬ್ಬ. ಯುರೋಪಿನೊಳಗಿನ ನೆದರ್‌ಲ್ಯಾಂಡ್ಸ್ ನೆಲದ ಅತಿ ಎತ್ತರದ ಜಾಗ ದಕ್ಷಿಣದ ವಾಲ್ಸರ್‌ಬೆರ್ಗ್, ಅದೇ 322 ಮೀಟರು. ಆದರೂ ಮೇಲಿಂದ ರೈನ್ ನದಿಯೂ ಆಚೆಯ ಹುಲ್ಲುಗಾವಲೂ ಕಾಣುವಾಗ ಮನಸ್ಸು ಸ್ವಲ್ಪ ಅಗಲವಾಗುತ್ತದೆ, ಅದು ಸುಳ್ಳಲ್ಲ.

ಇಳಿಯುವಾಗ ಒಂದು ಮಗು ಕೇಳಿತು: "ಎವರೆಸ್ಟ್ ಮೊದಲು ಹತ್ತಿದ್ದು ಯಾರು?" ದೊಡ್ಡವರೆಲ್ಲ ಒಟ್ಟಿಗೇ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ: "ತೇನ್‌ಸಿಂಗ್ ಮತ್ತು ಹಿಲರಿ, 1953!" ನಮ್ಮ ಕಾಲದ ಸಾಮಾನ್ಯ ಜ್ಞಾನ ಪುಸ್ತಕದಲ್ಲಿ ಇದಿಲ್ಲದೆ ಇರುತ್ತಿರಲಿಲ್ಲ. ಅವತ್ತಿನ ಆತಿಥೇಯರ ಕಪಾಟಿನಲ್ಲಿ ತೇನ್‌ಸಿಂಗ್ ಬಗ್ಗೆ ಎರಡು ಪುಸ್ತಕಗಳಿದ್ದವು. ಒಂದು ತೇನ್‌ಸಿಂಗ್ ತಮ್ಮ ಮುಂದಿನ ಬದುಕನ್ನು ಮಾಲ್ಕಮ್ ಬಾರ್ನ್ಸ್ ಅವರಿಗೆ ಹೇಳಿ ಬರೆಸಿದ, 1977ರ 'ಆಫ್ಟರ್ ಎವರೆಸ್ಟ್'. ಇನ್ನೊಂದು ಎಡ್ ಡಗ್ಲಸ್ 2003ರಲ್ಲಿ ಬರೆದ ಜೀವನಚರಿತ್ರೆ. ಸರಿ, ಇವತ್ತಿನ ಸಂಜೆ ತೇನ್‌ಸಿಂಗ್ ಜೊತೆ ಎಂದಾಯಿತು. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ 1953ರ ಸಾಕ್ಷ್ಯಚಿತ್ರ 'ದಿ ಕಾಂಕ್ವೆಸ್ಟ್ ಆಫ್ ಎವರೆಸ್ಟ್' ಹಾಕಿದೆವು. ಅಡುಗೆಮನೆಯಲ್ಲಿ ಐದು ಕಿಲೋ ಆಲೂಗಡ್ಡೆ ಬೇಯುತ್ತಿತ್ತು. ಶೆರ್ಪಾಗಳ ಮುಖ್ಯ ಆಹಾರವೂ ಅದೇ ಅಂತೆ, ಡಚ್ಚರದೂ ಅದೇ. ನಾವು ಅದಕ್ಕೆ ಸಾಸಿವೆ ಒಗ್ಗರಣೆ ಹಾಕಿದೆವು.

ಸಿನಿಮಾ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬರನ್ನು ಬಿಟ್ಟು. ಧಾರವಾಡದ ಕಡೆಯವರು, ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಗಾಜಿನಮನೆಗಳಲ್ಲಿ ಗಿಡ ನೋಡಿಕೊಳ್ಳುವ ಕೆಲಸ. ಈ ಸೆಪ್ಟೆಂಬರಿಗೆ ಅವರಿಗೆ ಅರವತ್ತೇಳು ತುಂಬುತ್ತದೆ. ಕಾಕಾ ತಟ್ಟೆ ಕೆಳಗಿಟ್ಟು ಕೇಳಿದರು: "ಏರಿದ್ದು ಎಲ್ಲಾರಿಗೂ ಗೊತ್ತೈತಿ. ಇಳದ ಮ್ಯಾಲೆ ಏನ್ ಮಾಡಿದ ಅಂವ?"

ಯಾರಿಗೂ ಗೊತ್ತಿರಲಿಲ್ಲ. ಲೆಕ್ಕ ಹಾಕಿದೆವು. ಶಿಖರ ಏರಿದಾಗ ತೇನ್‌ಸಿಂಗ್ ನೋರ್ಗೆಗೆ ಮೂವತ್ತೊಂಬತ್ತು. ತೀರಿಕೊಂಡಿದ್ದು 1986ರ ಮೇ 9ರಂದು. ನಡುವೆ ಮೂವತ್ಮೂರು ವರ್ಷ. ಶಿಖರದ ಮೇಲೆ ಇದ್ದದ್ದು ಹದಿನೈದು ನಿಮಿಷ.

ಆಮೇಲೆ ನಾವು ಹತ್ತೂವರೆಯವರೆಗೂ ಎರಡು ಪುಸ್ತಕ ನಡುವೆ ಇಟ್ಟುಕೊಂಡು, ಒಬ್ಬರು ಓದಿ ಹೇಳೋದು, ಉಳಿದವರು ಅಡ್ಡಬಾಯಿ ಹಾಕೋದು, ಹೀಗೇ ಕಳೆದೆವು.

ಮೊದಲು ಹಿಂದಕ್ಕೆ ಹೋಗಬೇಕಾಯಿತು. ಇಳಿದ ಮೇಲಿನ ಕಥೆ ಅರ್ಥವಾಗಬೇಕಾದರೆ ಏರುವ ಮೊದಲಿನದು ಗೊತ್ತಿರಬೇಕು. ತೇನ್‌ಸಿಂಗ್ ಮೊದಲು ಬೆಟ್ಟ ಹತ್ತುವವರಲ್ಲ, ಕೆಲಸ ಹುಡುಕಿಕೊಂಡು ಊರು ಬಿಟ್ಟ ಹುಡುಗ. ಖುಂಬುವಿನ ಮನೆಯಿಂದ ಹದಿನೆಂಟರ ಆಸುಪಾಸಿನಲ್ಲಿ ಡಾರ್ಜಿಲಿಂಗ್‌ಗೆ ಓಡಿಬಂದರು. ಗೌರಿಶಂಕರನೋ ಎವರೆಸ್ಟೋ ಅಂತ ಕನಸು ಏನೇ ಇದ್ದರೂ ಮೊದಲು ಸಿಕ್ಕಿದ್ದು ದನ ಕಾಯುವ ಕೆಲಸ. ಆಲೂಬಾರಿ ಎಂಬ ಹಳ್ಳಿಯಲ್ಲಿ ಹಸು ನೋಡಿಕೊಂಡು, ಹಾಲು ತಂದು ಪೇಟೆಯಲ್ಲಿ ಮಾರುತ್ತಿದ್ದರು. 1933ರಲ್ಲಿ ಬ್ರಿಟಿಷರ ದಂಡಯಾತ್ರೆಗೆ ಹೊರೆಯಾಳುಗಳನ್ನು ಆರಿಸುವಾಗ ಇವರನ್ನು ತೆಗೆದುಕೊಳ್ಳಲಿಲ್ಲ. ಹಿಂದೆ ಕೆಲಸ ಮಾಡಿದ ಸರ್ಟಿಫಿಕೇಟ್ ಇರಲಿಲ್ಲ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. "ಇದು ಆವಾಗ್ಲೂ ಇತ್ತಾ?" ಅಂದರು ಈಚೆಗೆ ಪಿಎಚ್.ಡಿ. ಮುಗಿಸಿ ಅರ್ಜಿ ಹಾಕುತ್ತಿರುವ ಮಂಡ್ಯದ ತಂಗಿ.

1935ರಲ್ಲಿ ಎರಿಕ್ ಶಿಪ್ಟನ್ ತಂಡಕ್ಕೆ ಕೊನೇ ಗಳಿಗೆಯಲ್ಲಿ ಇನ್ನಿಬ್ಬರು ಬೇಕಾದರು. ಸರ್ಟಿಫಿಕೇಟ್ ಇಲ್ಲದ ಈ ಹುಡುಗ ಸಾಲಿನಲ್ಲಿ ನಿಂತು ನಕ್ಕ. ಆ ನಗು ನೋಡಿಯೇ ಆರಿಸಿದೆ ಎಂದು ಶಿಪ್ಟನ್ ಮುಂದೆ ಬರೆದುಕೊಂಡರು. ದಿನಕ್ಕೆ ಹನ್ನೆರಡಾಣೆ ಕೂಲಿ. ಹಿಮದ ಗೆರೆ ದಾಟಿದರೆ ಒಂದು ರೂಪಾಯಿ. ಅಲ್ಲಿಂದ 1936, 1938, 1947, 1952ರಲ್ಲಿ ಎರಡು ಸಲ. ಎವರೆಸ್ಟ್‌ಗೆ 1953ರದು ಇವರ ಏಳನೇ ಪ್ರಯತ್ನ. ಸಾಮಾನ್ಯ ಜ್ಞಾನ ಪುಸ್ತಕದಲ್ಲಿ ಮೊದಲ ಆರು ಇರಲಿಲ್ಲ. ಇಲ್ಲಿಯ ವೀಸಾ ತಿರಸ್ಕಾರದ ಪತ್ರಗಳನ್ನೂ ನಾವು ಯಾರೂ ಫ್ರೇಮ್ ಹಾಕಿಸುವುದಿಲ್ಲ ಬಿಡಿ.

ಆ ಕೆಲಸವಿಲ್ಲದ ವರ್ಷಗಳಲ್ಲಿ ಸಂಸಾರ ತೂಗಿದವರು ಹೆಂಡತಿ ಆಂಗ್ ಲಾಮು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ ಮಾಡುತ್ತಿದ್ದರು. ಈ ಮಾತು ಓದಿದಾಗ ನಮ್ಮ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಗಂಡಸರು ಆಲೂಗಡ್ಡೆ ನೋಡಿಕೊಂಡೆವು.

1952ರ ವಸಂತದ ಸ್ವಿಸ್ ದಂಡಯಾತ್ರೆಯನ್ನು ತೇನ್‌ಸಿಂಗ್ ಕೊನೆಯವರೆಗೂ ಪ್ರೀತಿಯಿಂದ ನೆನೆಯುತ್ತಿದ್ದರು. ರೇಮಂಡ್ ಲ್ಯಾಂಬರ್ಟ್ ಮತ್ತು ಅವರು ಎಂಟು ಸಾವಿರದ ನಾನೂರು ಮೀಟರ್ ಆಸುಪಾಸಿನಲ್ಲಿ ಒಂದು ರಾತ್ರಿ ಕಳೆದರು. ಮಲಗುವ ಚೀಲ ಇಲ್ಲ, ಸ್ಟವ್ ಇಲ್ಲ. ಮೇಣದಬತ್ತಿಯಲ್ಲಿ ಹಿಮ ಕರಗಿಸಿ ಕುಡಿದರು. ಇವರಿಗೆ ಫ್ರೆಂಚ್ ಬರುವುದಿಲ್ಲ, ಅವರಿಗೆ ನೇಪಾಳಿ ಬರುವುದಿಲ್ಲ. 'ಸಾ ವಾ ಬಿಯೆನ್', ಎಲ್ಲಾ ಚೆನ್ನಾಗಿದೆ, ಅನ್ನೋ ಒಂದು ಮಾತೇ ಇಬ್ಬರಿಗೂ ಸಾಕಾಗಿತ್ತು. ಸ್ವಿಸ್ಸರು ತಮ್ಮನ್ನು ಜೊತೆಗಾರರ ಹಾಗೆ ನಡೆಸಿಕೊಂಡರು ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು. ಮರುವರ್ಷ ಬ್ರಿಟಿಷರ ಜೊತೆ ಶಿಖರ ಮುಟ್ಟಿದಾಗ ಅವರ ಕುತ್ತಿಗೆಯಲ್ಲಿ ಇದ್ದದ್ದು ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫ್.

ಆ 1953ರ ಬ್ರಿಟಿಷ್ ದಂಡಯಾತ್ರೆಯ ಶುರುವಿನಲ್ಲಿ ನಡೆದದ್ದನ್ನು ನಾವು ಎರಡು ಸಲ ಓದಿಸಿಕೊಂಡೆವು. ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿ. ಸಾಹೇಬರಿಗೆಲ್ಲ ಒಳಗೆ ಕೋಣೆ. ಶೆರ್ಪಾಗಳಿಗೆ ಹಿಂದೆ ಕುದುರೆ ಲಾಯವಾಗಿದ್ದ ಗ್ಯಾರೇಜು, ನೆಲದ ಮೇಲೆ ಹಾಸಿಗೆ, ಶೌಚಾಲಯ ಇಲ್ಲ. ಮರುದಿನ ಬೆಳಿಗ್ಗೆ ಶೆರ್ಪಾಗಳು ಗ್ಯಾರೇಜಿನ ಮುಂದಿನ ರಸ್ತೆಯಲ್ಲೇ ಸಾಲಾಗಿ ನಿಂತು ಮೂತ್ರ ಮಾಡಿದರು. ಅದೇ ಅವರ ಪ್ರತಿಭಟನೆ. ತೇನ್‌ಸಿಂಗ್ ಅವರು ಸರ್ದಾರ್, ಅಂದರೆ ಆಳುಗಳ ಮುಖ್ಯಸ್ಥ. ಜೊತೆಗೆ ಶಿಖರ ಏರಬೇಕಾದ ತಂಡದ ಸದಸ್ಯ ಕೂಡ. ಮೇಲಿನವರು ಇವರ ಕಡೆ ನೋಡುತ್ತಾರೆ, ಕೆಳಗಿನವರೂ ಇವರ ಕಡೆ ನೋಡುತ್ತಾರೆ.

ಇಲ್ಲಿ ಮಾತು ದಾರಿ ತಪ್ಪಿ ಅರ್ಧ ಗಂಟೆ ನಮ್ಮ ನಮ್ಮ ಬಾಡಿಗೆ ಕಥೆಗಳಿಗೆ ಹೋಯಿತು. ಬಂದ ಹೊಸದರಲ್ಲಿ ಅಟ್ಟದ ಮೇಲೆ ಮೂರು ತಿಂಗಳು ಮಲಗಿದವರು, ವಿಳಾಸ ನೋಂದಣಿಗೆ ಒಪ್ಪದ ಮನೆಮಾಲೀಕರ ಕೈಗೆ ಸಿಕ್ಕವರು, ಕೆಲಸ ಹೋದ ವಾರವೇ ಹಾಸಿಗೆಯೂ ಹೋದವರು. ಆದರೆ ಹೋಲಿಕೆ ಅತಿಯಾಗಬಾರದು. ನಾವು ಮೂವತ್ತು ಕಿಲೋ ಹೊತ್ತು ಹಿಮದ ಬಿರುಕು ದಾಟಿದವರಲ್ಲ. ನಮ್ಮಲ್ಲಿ ಬಹುಪಾಲು ಜನ ಬೆಚ್ಚಗಿನ ಪ್ರಯೋಗಾಲಯದಲ್ಲಿ, ಕಚೇರಿಯಲ್ಲಿ ಕೂತವರು. ಅದನ್ನು ಹೇಳಿದವರೂ ಕಾಕಾನೇ.

ಮೇ 29, ಬೆಳಿಗ್ಗೆ ಹನ್ನೊಂದೂವರೆ. ಶಿಖರದ ಕಥೆ ನಿಮಗೆ ಗೊತ್ತು, ಬಿಟ್ಟುಬಿಡೋಣ. ಇಳಿದು ಕಠ್ಮಂಡು ಸೇರುವಷ್ಟರಲ್ಲಿ ಬೇರೆಯೇ ಕಷ್ಟ ಕಾದಿತ್ತು. ಜನಸಾಗರ. ತೇನ್‌ಸಿಂಗ್ ಮೇಲೆ ನಿಂತು ಹಿಲರಿಯನ್ನು ಹಗ್ಗದಲ್ಲಿ ಎಳೆದುಕೊಳ್ಳುವ ಚಿತ್ರಗಳು. ಯಾರು ಮೊದಲು ಕಾಲಿಟ್ಟದ್ದು ಅಂತ ಎಲ್ಲರ ಪ್ರಶ್ನೆ. ನಾನೇ ಮೊದಲು ಅಂತ ಹೇಳು ಎಂದು ಒತ್ತಾಯ. ಇಬ್ಬರೂ ಬಹುತೇಕ ಒಟ್ಟಿಗೇ ಮುಟ್ಟಿದೆವು ಅಂತ ಜಂಟಿ ಹೇಳಿಕೆಗೆ ಸಹಿ ಹಾಕಬೇಕಾಯಿತು. ತೇನ್‌ಸಿಂಗ್‌ಗೆ ಓದು ಬರಹ ಬರುತ್ತಿರಲಿಲ್ಲ. ಹಲವು ಭಾಷೆ ಮಾತಾಡುತ್ತಿದ್ದರು, ಬರೆಯಲು ಬರುತ್ತಿದ್ದದ್ದು ತಮ್ಮ ಹೆಸರು. ಎರಡು ವರ್ಷದ ಮೇಲೆ, 1955ರ ಆತ್ಮಕಥೆಯಲ್ಲಿ, ಹಗ್ಗದ ಮುಂದಿನ ತುದಿಯಲ್ಲಿದ್ದ ಹಿಲರಿಯೇ ಮೊದಲು ಹೆಜ್ಜೆ ಇಟ್ಟದ್ದು ಎಂದು ತಾವಾಗಿಯೇ ಹೇಳಿಬಿಟ್ಟರು. ಕಾಕಾ ಈ ಮಾತಿಗೆ ಮಾತ್ರ ತಲೆದೂಗಿ, "ಗಟ್ಟಿ ಮನಿಷ್ಯಾ" ಅಂದರು.

ಇನ್ನೊಂದು ಪ್ರಶ್ನೆ ಅದಕ್ಕಿಂತ ಕಠಿಣ: ಇವನು ಯಾವೂರಿನವನು? ನೇಪಾಳ ನಮ್ಮವನು ಅಂದಿತು, ಭಾರತ ನಮ್ಮವನು ಅಂದಿತು. ಹುಟ್ಟಿದ್ದು ಟಿಬೆಟ್ ಕಡೆಯ ಖಾರ್ತಾ ಕಣಿವೆಯಲ್ಲಿ ಎಂದು ಈಚಿನ ಜೀವನಚರಿತ್ರೆಗಳು ಹೇಳುತ್ತವೆ. ಬೆಳೆದದ್ದು ನೇಪಾಳದ ಖುಂಬು. ದುಡಿದದ್ದು, ಮನೆ ಮಾಡಿದ್ದು ಡಾರ್ಜಿಲಿಂಗ್. ನೇಪಾಳ ಹೆತ್ತ ತಾಯಿ, ಭಾರತ ಸಾಕಿದ ಮಡಿಲು ಎಂಬ ಅರ್ಥದ ಉತ್ತರ ಕೊಟ್ಟು ಅವರು ಎಲ್ಲ ಕಡೆಯೂ ಉಳಿದುಕೊಂಡರು. ಕಾಕಾ ಮುಂಡಗೋಡ ನೆನೆಸಿಕೊಂಡರು. 1966ರಲ್ಲಿ ಟಿಬೆಟಿಯನ್ನರಿಗೆ ಅಲ್ಲಿ ನೆಲೆ ಕೊಟ್ಟ ಮೇಲೆ, ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಅವರ ಸ್ವೆಟರ್ ಅಂಗಡಿಗಳ ಸಾಲು. "ನಾವೂ ಹುಡುಗರಿದ್ದಾಗ ನಿಮ್ಮೂರು ಯಾವ್ದು ಅಂತ ಕೇಳ್ತಿದ್ವಿ. ಮುಂಡಗೋಡ ಅಂತಿದ್ರು. ಅದಲ್ಲ, ಖರೇ ಊರು ಯಾವ್ದು ಅಂತ ಮತ್ತ ಕೇಳ್ತಿದ್ವಿ. ಈಗ ಇಲ್ಲಿ ಮಂದಿ ನನಗ ಹಂಗೇ ಎರಡ ಸಲ ಕೇಳ್ತಾರ."

ಲಂಡನ್ನಿಗೆ ಹೋಗುವ ಮುಂಚೆ ದೆಹಲಿಯಲ್ಲಿ ನೆಹರು ಅವರು ತೇನ್‌ಸಿಂಗ್‌ಗೆ ತಮ್ಮದೇ ಕಪಾಟು ತೆರೆದು ಕೋಟು, ಪ್ಯಾಂಟು, ಅಂಗಿಗಳನ್ನು ಕೊಟ್ಟರು. ಇಬ್ಬರ ಅಳತೆಯೂ ಒಂದೇ. ಲಂಡನ್ನಿನಲ್ಲಿ ಹಿಲರಿಗೆ, ನಾಯಕ ಹಂಟ್‌ಗೆ 'ಸರ್' ಪದವಿ. ತೇನ್‌ಸಿಂಗ್‌ಗೆ ಜಾರ್ಜ್ ಮೆಡಲ್. ಯಾಕೆ ಈ ಭೇದ ಅನ್ನುವುದಕ್ಕೆ ಅವತ್ತಿನಿಂದ ಇವತ್ತಿನವರೆಗೆ ನಾನಾ ವಿವರಣೆಗಳಿವೆ. ಅವರೇ ಅದನ್ನು ದೊಡ್ಡದು ಮಾಡಲಿಲ್ಲ, ನಾವೂ ಮುಂದೆ ಹೋದೆವು.

ಇನ್ನು ಕಾಕಾ ಕೇಳಿದ ಪ್ರಶ್ನೆ. ಇಳಿದ ಮೇಲೆ ಸಿಕ್ಕಿದ್ದು ಒಂದು ಖಾಯಂ ಕೆಲಸ. ನೆಹರು ಮತ್ತು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರ ಉತ್ಸಾಹದಿಂದ 1954ರ ನವೆಂಬರ್ 4ರಂದು ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ಮೇಜರ್ ನಂದು ಜಯಾಲ್ ಪ್ರಾಂಶುಪಾಲರು, ತೇನ್‌ಸಿಂಗ್ ಕ್ಷೇತ್ರ ತರಬೇತಿಯ ನಿರ್ದೇಶಕರು. ಅದಕ್ಕಾಗಿ ನಲವತ್ತನೇ ವಯಸ್ಸಿನಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಎವರೆಸ್ಟ್ ಏರಿದವನಿಗೆ ಗಂಟು ಹಾಕುವುದನ್ನು ಮೊದಲಿಂದ ಕಲಿಸಿದರು. ಹೇಗೆ ಏರಬೇಕೆಂಬುದು ಗೊತ್ತಿತ್ತು, ಹೇಗೆ ಕಲಿಸಬೇಕೆಂಬುದು ಗೊತ್ತಿರಲಿಲ್ಲ. ವಾಪಸ್ ಬಂದು ಇಪ್ಪತ್ತೆರಡು ವರ್ಷ ಸೈನಿಕರಿಗೆ, ಕಾಲೇಜು ಹುಡುಗರಿಗೆ, ಹುಡುಗಿಯರಿಗೆ ಬಂಡೆ ಹಿಡಿಯುವುದು, ಹಿಮದ ಮೇಲೆ ಕಾಲಿಡುವುದು ಹೇಳಿಕೊಟ್ಟರು. ಎವರೆಸ್ಟ್‌ಗೆ ಮತ್ತೆ ಹೋಗಲಿಲ್ಲ. ನಮಗೇನೋ ಅವರ ಬದುಕಿನ ದೊಡ್ಡ ಕೆಲಸ ಇದೇ ಅನ್ನಿಸಿತು. ಆದರೆ ನೋಡಲು ಬರುವವರಿಗೆ ಬೇಕಾಗಿದ್ದು ಆ ಹದಿನೈದು ನಿಮಿಷ. ಡಾರ್ಜಿಲಿಂಗ್‌ನ ಮನೆ 'ಘಾಂಗ್-ಲಾ'ಗೆ ಪ್ರವಾಸಿಗರು ಹೇಳದೆ ಕೇಳದೆ ನುಗ್ಗುತ್ತಿದ್ದರು, ಮೃಗಾಲಯಕ್ಕೆ ಬಂದ ಹಾಗೆ.

1976ರಲ್ಲಿ ನಿವೃತ್ತಿ. ಸಲಹೆಗಾರ ಅಂತ ಹೆಸರು ಉಳಿಯಿತು, ಕೆಲಸ ಹೋಯಿತು. ಆ ಹುದ್ದೆ ಜೀವ ಇರುವ ತನಕ ಎಂದು ಅವರು ನಂಬಿದ್ದರು ಎಂದು ಜೀವನಚರಿತ್ರೆಯಲ್ಲಿದೆ. ಹಾಗೆ ನಂಬಿದ್ದದ್ದು ನೆಹರು ಮಾತಿನ ಮೇಲೆ. ನೆಹರು 1964ರಲ್ಲೇ ಹೋಗಿದ್ದರು. ಓದಲು ಬರೆಯಲು ಬಾರದ ಮನುಷ್ಯ ಬಾಯಿಮಾತನ್ನು ಕಾಗದದಷ್ಟೇ ಗಟ್ಟಿ ಅಂತ ತಿಳಿದಿದ್ದರೆ ತಪ್ಪೇನು? ಕಡೆಯ ವರ್ಷಗಳ ಬೇಸರಕ್ಕೆ ಇದು ಒಂದು ಕಾರಣ.

ಕಾಕಾ ಇಲ್ಲಿ ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ನಾವು ಗೊತ್ತಿದ್ದೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. ಇಲ್ಲಿಯ ವೃದ್ಧಾಪ್ಯ ವೇತನ, ಆಓವೇ, ಪೂರ್ತಿ ಸಿಗಬೇಕಾದರೆ ಐವತ್ತು ವರ್ಷ ಇಲ್ಲಿ ಇದ್ದಿರಬೇಕು. ವರ್ಷಕ್ಕೆ ಶೇಕಡಾ ಎರಡರ ಲೆಕ್ಕ. ಕಾಕಾನ ಇಪ್ಪತ್ತೊಂದು ವರ್ಷಕ್ಕೆ ಶೇಕಡಾ ನಲವತ್ತೆರಡು. ನಾಲ್ಕು ಕಡೆ ಕೆಲಸ ಮಾಡಿದ್ದಕ್ಕೆ ನಾಲ್ಕು ಕಡೆಯ ಪಿಂಚಣಿ ಚೂರುಗಳು ಬೇರೆ. ಅವುಗಳ ಕಾಗದಗಳು ಡಚ್ ಭಾಷೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. "ಹದಿನೈದು ವರ್ಷ ಆತು, ಒಡದು ನೋಡಿಲ್ಲ" ಅಂದರು. ಮಂಡ್ಯದ ತಂಗಿ ಬೈದೇಬಿಟ್ಟಳು: "ಏನ್ ಕಾಕಾ ನೀವು! ಡಿಜಿಡಿ ಹಾಕಿದ್ರೆ ಎಲ್ಲ ಒಂದೇ ಕಡೆ ಕಾಣುತ್ತೆ. ನಾಳೆ ಹನ್ನೊಂದಕ್ಕೆ ಬರ್ತೀನಿ, ಡಬ್ಬಿ ತೆಗೆದಿಟ್ಟಿರಿ." ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದರೆ, ಮುಂದಿನ ಪ್ಯಾರಾಕ್ಕೆ ಹೋಗುವ ಮೊದಲು ಎಲ್ಲಿದೆ ಅಂತ ನೋಡಿ ಬನ್ನಿ.

ನಿವೃತ್ತಿಯ ಅಂಚಿನಲ್ಲೂ ಆಮೇಲೂ ತೇನ್‌ಸಿಂಗ್ ಸುಮ್ಮನೆ ಕೂರಲಿಲ್ಲ. 1975ರಲ್ಲಿ ಭೂತಾನಿನ ಒಳಗೆ ಬಿಟ್ಟ ಮೊದಲ ಅಮೆರಿಕನ್ ಪ್ರವಾಸಿ ತಂಡಕ್ಕೆ ಸರ್ದಾರ್ ಆಗಿ ಹೋದರು. 1978ರಲ್ಲಿ ತಮ್ಮ ಹೆಸರಿನಲ್ಲೇ ಚಾರಣದ ಕಂಪನಿ ಶುರು ಮಾಡಿದರು. ಅರವತ್ತು ದಾಟಿದ ಮೇಲೆ ಮತ್ತೆ ಗಿರಾಕಿಗಳ ಮುಂದೆ ನಡೆಯುವ ಕೆಲಸ, ಇಪ್ಪತ್ತರಲ್ಲಿ ಮಾಡಿದ್ದೇ. ಮೂರನೇ ಹೆಂಡತಿ ಡಾಕು ಅವರಲ್ಲಿ ಆದ ಮಕ್ಕಳು ಇನ್ನೂ ಓದುತ್ತಿದ್ದರು. ದುಡ್ಡು ಬೇಕಿತ್ತು.

ಆ ಮಕ್ಕಳ ವಿಷಯದಲ್ಲಿ ತೇನ್‌ಸಿಂಗ್ ಹಟ ಹಿಡಿದಿದ್ದರು. ಒಬ್ಬರೂ ಬೆಟ್ಟಕ್ಕೆ ಹೋಗಕೂಡದು. ತಾನು ಏರಿದ್ದೇ ಇವರು ಏರಬೇಕಾಗದಿರಲಿ ಅಂತ. ಹದಿನೆಂಟರ ಮಗ ಜಾಮ್‌ಲಿಂಗ್ ಭಾರತದ ಎವರೆಸ್ಟ್ ತಂಡಕ್ಕೆ ಸೇರಿಸು ಅಂತ ಕೇಳಿದಾಗ ಅಪ್ಪ ಒಪ್ಪಲಿಲ್ಲ. ಒಳ್ಳೆಯ ಶಾಲೆಗೆ ಕಳಿಸಿದರು, ಆಮೇಲೆ ಅಮೆರಿಕದ ಕಾಲೇಜಿಗೆ ಕಳಿಸಿದರು. ಮಕ್ಕಳು ದೂರ ಹೋಗಲಿ ಅಂತ ತಾನೇ ದಾರಿ ಮಾಡಿಕೊಟ್ಟ ಅಪ್ಪ, ಹೋದ ಮೇಲೆ ದೊಡ್ಡ ಮನೆಯಲ್ಲಿ ಕಾಂಚನಜುಂಗಾ ನೋಡಿಕೊಂಡು ಉಳಿದರು.

1986ರ ಮೇ 9ರಂದು ಮಿದುಳಿನ ರಕ್ತಸ್ರಾವ. ಎಪ್ಪತ್ತೊಂದು ವಯಸ್ಸು. ಜಾಮ್‌ಲಿಂಗ್ ಆಗ ಅಮೆರಿಕದಲ್ಲಿದ್ದ.

ಓದುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು. ಕೋಣೆಯಲ್ಲಿ ಎರಡು ಮೂರು ನಿಮಿಷ ಮಾತಿಲ್ಲ. ನಮ್ಮ ಹನ್ನೊಂದು ಜನರಲ್ಲಿ ಇಬ್ಬರು, 2020ರಲ್ಲಿ ವಿಮಾನಗಳು ನಿಂತಿದ್ದಾಗ, ಅಪ್ಪನ ಮಣ್ಣನ್ನು ಫೋನಿನ ಪರದೆಯಲ್ಲಿ ನೋಡಿದವರು. ಒಬ್ಬರಿಗೆ ನಡುವೆ ನೆಟ್‌ವರ್ಕ್ ಹೋಗಿತ್ತು. ಅವರು ಅದನ್ನು ಇದುವರೆಗೆ ಕೂಟದಲ್ಲಿ ಹೇಳಿರಲಿಲ್ಲ. ಅವತ್ತು ಹೇಳಿದರು. ಫೋನು ಹಿಡಿದಿದ್ದ ತಮ್ಮನ ಕೈ ನಡುಗಿ ಚಿತ್ರ ಪೂರ್ತಿ ಆಕಾಶದ ಕಡೆ ಹೋಗಿತ್ತಂತೆ. ಆಮೇಲೆ ಅದೂ ನಿಂತುಹೋಯಿತು. ಮತ್ತೆ ಹಚ್ಚುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ತೇನ್‌ಸಿಂಗ್ ಅವರ ಅಂತ್ಯಕ್ರಿಯೆ ಪರ್ವತಾರೋಹಣ ಸಂಸ್ಥೆಯ ಆವರಣದಲ್ಲೇ ಆಯಿತು. ಹಿಲರಿ ಆಗ ದೆಹಲಿಯಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿದ್ದರು. ಗೂರ್ಖಾಲ್ಯಾಂಡ್ ಚಳವಳಿಯ ಗಲಾಟೆಯ ಕಾಲ, ಆದರೂ ಡಾರ್ಜಿಲಿಂಗ್ ಹತ್ತಿ ಬಂದರು.

ಅಪ್ಪ ಬೇಡ ಅಂದ ಮಗ ಹತ್ತು ವರ್ಷದ ಮೇಲೆ, 1996ರ ಮೇ 23ರಂದು, ಎವರೆಸ್ಟ್ ಏರಿದ. ಆ ತಿಂಗಳ 10ರಂದು ಬಂದ ಬಿರುಗಾಳಿಯಲ್ಲಿ ಅದೇ ಬೆಟ್ಟದಲ್ಲಿ ಎಂಟು ಜನ ಸತ್ತಿದ್ದರು. ಆದರೂ ಹೋದ. ಅಪ್ಪನ ಮಾತು ಮೀರಿದ್ದು ಸರಿಯೋ ತಪ್ಪೋ ಅಂತ ನಮ್ಮಲ್ಲಿ ಜೋರು ಚರ್ಚೆ. ಮೀರಿದ್ದಕ್ಕೇ ಅಪ್ಪ ಅರ್ಥವಾದದ್ದು ಅಂತ ಕೆಲವರು. ಹೆಂಡತಿಯನ್ನು ಕೆಳಗೆ ಬಿಟ್ಟು ಸಾಯೋಕೆ ಹೋಗೋದು ಎಂಥ ಅರ್ಥ ಅಂತ ಉಳಿದವರು. ಆ ಚರ್ಚೆ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಪತ್ರ ಬರೆದು ನೀವೂ ಸೇರಿಕೊಳ್ಳಿ.

ಹತ್ತೂವರೆಗೆ ಕಾಕಾ ಶಾಲು ಸುತ್ತಿಕೊಂಡರು. ಎಡೆಗೆ ಹೋಗುವ ಬಸ್ಸಿಗೆ ಎಂಟು ನಿಮಿಷ ಇತ್ತು. ನಿವೃತ್ತಿ ಆದ ಮೇಲೆ ಧಾರವಾಡಕ್ಕೋ, ಇಲ್ಲೇ ಮಗಳ ಹತ್ತಿರವೋ, ಯಾರೂ ಕೇಳಲಿಲ್ಲ. ಬಾಗಿಲಲ್ಲಿ ಅವರೇ ತಿರುಗಿ, 1977ರ ಆ ಪುಸ್ತಕ ಕೇಳಿ ಇಸಿದುಕೊಂಡರು. "ಇಂಗ್ಲಿಷ್ ಸಾವಕಾಶ ಓದ್ತೀನಿ. ಜೂನ್‌ತನಕ ಕೇಳಬ್ಯಾಡ್ರಿ."

ಭಾನುವಾರ ಹನ್ನೊಂದಕ್ಕೆ ಡಬ್ಬಿ ತೆರೆದಿದ್ದಾರೆ. ಒಟ್ಟು ಮೂವತ್ತೆಂಟು ಕಾಗದ, ಎರಡು ಇನ್ನೂ ಲಕೋಟೆ ಒಡೆಯದವು. ಫೆಬ್ರವರಿ ಕೂಟದ ಮನೆ ಇನ್ನೂ ಗೊತ್ತಾಗಿಲ್ಲ. ಎರಡು ಕಿಲೋ ಆಲೂಗಡ್ಡೆ ಉಳಿದಿದೆ.